ಎರಡನೇ ಮೆಟ್ಟಿಲು

ಮೊಬೈಲಿನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಾನು ಗಡಿಯಾರ ರಿಪೇರಿ ಮಾಡುವವನು. ಎಲ್ಲರ ಜೇಬಿಗೆ ಫೋನು ಬಂದಮೇಲೆ ಜನರ ಮಣಿಕಟ್ಟು ಬೋಳಾಯಿತು, ನನಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ ಸಿಕ್ಕಿತು. ಅಂಥವನು ನಮ್ಮ ಬೀದಿಗೆ ಸಿಗ್ನಲ್ ತರಿಸಲು ವರ್ಷಗಟ್ಟಲೆ ಅಲೆದೆ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಅದರಿಂದ ಎದುರುಮನೆಯ ಅಕ್ಕನಿಗೆ ಏನಾಯಿತು ಎಂಬುದನ್ನು ಕೇಳಿ ಆಮೇಲೆ ನಗಲಿ.

ಅಕ್ಕ ಇಡೀ ಬೀದಿಗೇ ಅಕ್ಕ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರೇ ಇರಬೇಕು, ಆದರೂ ನಾನೂ ಹಾಗೇ ಕರೆಯುವುದು. ಹೊಸ ಬಟ್ಟೆ ಹೊಲಿಯುವವರಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುವುದು, ಉದ್ದವಾದದ್ದನ್ನು ಮಡಿಸುವುದು, ಕೆಟ್ಟ ಜಿಪ್ ಕಿತ್ತು ಹೊಸದು ಹಾಕುವುದು, ಅಂಚು ಸವೆದ ಕಾಲರನ್ನು ಬಿಚ್ಚಿ ತಿರುವಿ ಹೊಲಿದು ಅಂಗಿಗೆ ಇನ್ನೆರಡು ವರ್ಷ ಆಯುಷ್ಯ ಕೊಡುವುದು, ಇವೇ ಅವರ ಕೆಲಸ. ಕಾಲರ್ ತಿರುವುವುದರಲ್ಲಂತೂ ಎತ್ತಿದ ಕೈ. ಮುಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಅವರ ಮಿಷನ್. ಅದರ ಪಕ್ಕದಲ್ಲಿ ಇನ್ನೊಂದು ಮಿಷನ್, ಅದಕ್ಕೆ ಮುಸುಕು. ಅದು ಅವರ ತಂಗಿಯದು. ಒಂಬತ್ತು ವರ್ಷದಿಂದ ಅದರ ಮೇಲೆ ಯಾರೂ ಒಂದು ಹೊಲಿಗೆ ಹಾಕಿರಲಿಲ್ಲ. ಆದರೂ ಅಕ್ಕ ವಾರಕ್ಕೊಮ್ಮೆ ಮುಸುಕು ತೆಗೆದು, ಎಣ್ಣೆ ಬಿಟ್ಟು, ಚಕ್ರವನ್ನು ನಾಲ್ಕು ಸುತ್ತು ತಿರುಗಿಸಿ ಮತ್ತೆ ಮುಚ್ಚುತ್ತಿದ್ದರು.

ನಮ್ಮ ಬೀದಿ ತಗ್ಗಿನಲ್ಲಿದೆ. ಒಂದು ಕಡೆ ಕಲ್ಲುಗುಡ್ಡ, ಇನ್ನೊಂದು ಕಡೆ ಹತ್ತಿಯ ಗೋದಾಮಿನ ಎತ್ತರದ ಗೋಡೆ. ಎರಡರ ನಡುವೆ ಸಿಗ್ನಲ್ ಇಳಿಯುತ್ತಿರಲಿಲ್ಲ. ಇಡೀ ಬೀದಿಯಲ್ಲಿ ಅದು ಸಿಗುತ್ತಿದ್ದ ಜಾಗ ಒಂದೇ, ಅಕ್ಕನ ಮನೆಯ ಮೂರು ಮೆಟ್ಟಿಲುಗಳಲ್ಲಿ ಎರಡನೆಯದು. ಮೊದಲನೆಯದರ ಮೇಲೆ ಇಲ್ಲ, ಮೂರನೆಯದರ ಮೇಲೂ ಇಲ್ಲ. ಅದನ್ನು ಕಂಡುಹಿಡಿದವಳು ತಂಗಿ. ಅಕ್ಕತಂಗಿ ಇಬ್ಬರೂ ಸೇರಿ ಕೊಂಡಿದ್ದ ಒಂದು ಬಟನ್ ಫೋನು ಅವಳ ಜೇಬಿನಲ್ಲಿತ್ತು. ಬಿದ್ದ ಸೂಜಿ ಹುಡುಕುತ್ತ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಆ ಫೋನು ಹೊಡೆದುಕೊಂಡಿತು. ಅಂದಿನಿಂದ ಯಾರು ಬಂದು ಕೂತರೂ ಒಳಗಿನಿಂದ ಅವಳು ಕೂಗಿ ಹೇಳುತ್ತಿದ್ದ ಮಾತು ಒಂದೇ, "ಎದ್ದೇಳಬೇಡಿ, ಸಿಗ್ನಲ್ ಹೋಗುತ್ತೆ." ಅಕ್ಕನಿಗೂ ಅದೇ ಹುಕುಂ. ಅವಳು ಹೋದಮೇಲೂ ಆ ಮಾತು ಬೀದಿಯಲ್ಲಿ ಉಳಿಯಿತು. ಮೆಟ್ಟಿಲ ಮೇಲೆ ಕೂತವರು ಕಾಲು ಜೋಮು ಹಿಡಿದರೂ ಏಳುತ್ತಿರಲಿಲ್ಲ.

ತಂಗಿ ಹೋದದ್ದು ಹೀಗೆ. ನಲವತ್ತಮೂರನೇ ವಯಸ್ಸಿನಲ್ಲಿ ಅವಳನ್ನು ಒಬ್ಬ ಲಾರಿ ಮೆಕ್ಯಾನಿಕ್ ಮದುವೆಯಾಗುತ್ತೇನೆ ಎಂದ. ಹೆಂಡತಿ ಸತ್ತವನು, ಮಾತು ಕಡಿಮೆ, ಒಳ್ಳೆಯವನು. ಇವಳೂ ಒಪ್ಪಿದಳು. ಅಕ್ಕನಿಗೆ ನೆಲ ಕುಸಿದಂತಾಯಿತು. ಮೂವತ್ತು ವರ್ಷ ಎರಡು ಮಿಷನ್ನುಗಳ ಸದ್ದು ಕೇಳಿದ ಕಿವಿಗೆ ಇನ್ನು ಒಂದೇ ಸದ್ದು. ಹೋಗಬೇಡ ಎಂದಿದ್ದರೆ ಸಾಕಿತ್ತು. ಅದರ ಬದಲು, ಈ ವಯಸ್ಸಲ್ಲಿ ನಾಚಿಕೆಯಾಗಲ್ವಾ ನಿನಗೆ ಎಂದುಬಿಟ್ಟರು. ಕಿಟಕಿ ತೆರೆದಿತ್ತು, ನಾನು ಕೇಳಿಸಿಕೊಂಡೆ. ತಂಗಿ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಟ್ಟೆಯ ಚೀಲ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ನಿಂತು, ಸಿಟ್ಟು ಇಳಿದಮೇಲೆ ನಾನೇ ಫೋನ್ ಮಾಡ್ತೀನಿ ಎಂದಳು. ಅಷ್ಟೇ.

ಅಂದಿನಿಂದ ಅಕ್ಕ ಆ ಫೋನಿಗೆ ಕಟ್ಟುಬಿದ್ದರು. ದಪ್ಪ ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಸಿಗ್ನಲ್ಲಿನ ಕಡ್ಡಿ ಕಾಣಲೆಂದು ಅದಕ್ಕೆ ಪ್ಲಾಸ್ಟಿಕ್ಕಿನ ಕಿಟಕಿಯಿಟ್ಟು, ಎರಡನೇ ಮೆಟ್ಟಿಲ ನೇರಕ್ಕೆ ಬರುವಂತೆ ಕಿಟಕಿಯ ಸರಳಿಗೆ ನೀಲಿ ದಾರದಿಂದ ತೂಗುಹಾಕಿದರು. ಒಂದು ಗೇಣು ಆಚೀಚೆಯಾದರೂ ಕಡ್ಡಿ ಮಾಯ. ಹಾಗಾಗಿ ಅಕ್ಕನೂ ಆಚೀಚೆಯಾಗಲಿಲ್ಲ. ಯಾರ ಮನೆಗೂ ಹೋಗಲಿಲ್ಲ, ಪೇಟೆಗೆ ಹೋಗಲಿಲ್ಲ. ದಾರ, ಗುಂಡಿಗಳನ್ನೂ ನಾವೇ ತಂದುಕೊಡುತ್ತಿದ್ದೆವು. ಹಿಂದಿನ ಅಂಗಳಕ್ಕೆ ಬಟ್ಟೆ ಒಣಹಾಕಲು ಹೋಗುವ ಮುಂಚೆ ಎದುರಿನ ಅಂಗಡಿಯಲ್ಲಿ ಕೂತ ನನ್ನತ್ತ ನೋಡಿ ಫೋನಿನ ಕಡೆಗೊಂದು ಕೈ ತೋರಿಸುತ್ತಿದ್ದರು. ಅಂದರೆ ನಾನು ಕಾವಲು. ಒಂದು ಕಣ್ಣು ಗಡಿಯಾರದ ಹೊಟ್ಟೆಯಲ್ಲಿ, ಇನ್ನೊಂದು ಆ ಚೀಲದ ಮೇಲೆ. ಮೆಟ್ಟಿಲ ಮೇಲೆ ಕೂತು ಜನ ಮಕ್ಕಳ ಜೊತೆ, ಗಂಡಂದಿರ ಜೊತೆ, ಡಾಕ್ಟರ ಜೊತೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಕೇಳಿಸ್ತಿದ್ಯಾ, ಕೇಳಿಸ್ತಿದ್ಯಾ ಎಂದು ದಿನವಿಡೀ ಅದೇ ಗಲಾಟೆ. ಅಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ಬೀದಿಯವರಿಗೆಲ್ಲ ಅಲ್ಲಿ ಯಾರದೋ ಧ್ವನಿ ಸಿಗುತ್ತಿತ್ತು, ಅವರಿಗೆ ಬೇಕಾದ ಧ್ವನಿ ಮಾತ್ರ ಸಿಗಲಿಲ್ಲ.

ತಂಗಿಯ ನಂಬರು ಅವರ ಹತ್ತಿರ ಇರಲಿಲ್ಲವೇ ಎಂದರೆ, ಇತ್ತು. ದೂರದ ಸಂಬಂಧಿಯೊಬ್ಬರು ಒಂದು ಚೀಟಿಯಲ್ಲಿ ಬರೆದು ತಂದುಕೊಟ್ಟಿದ್ದರು. ಅದು ಗುಂಡಿಯ ಡಬ್ಬಿಯ ತಳದಲ್ಲಿತ್ತು. ನೀವೇ ಮಾಡಿ ಎಂದರೆ ಅಕ್ಕ ಒಪ್ಪುತ್ತಿರಲಿಲ್ಲ. ಮಾಡುತ್ತೇನೆಂದು ಹೇಳಿ ಹೋದವಳು ಅವಳು, ಅವಳ ಸಿಟ್ಟು ಇಳಿಯುವ ಮುಂಚೆ ನಾನು ನುಗ್ಗಬಾರದು ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡದಾಗಿ ಅವರಲ್ಲೊಂದು ನಂಬಿಕೆ ಬೇರೂರಿತ್ತು: ತಂಗಿ ಮಾಡಿಯೇ ಇದ್ದಾಳೆ, ಆಗ ಸಿಗ್ನಲ್ ಇರಲಿಲ್ಲ. ಗಾಳಿಗೆ ಚೀಲ ಅಲುಗಾಡಿ ಕಡ್ಡಿ ಹೋದ ದಿನ ಸಂಜೆ ನನ್ನನ್ನು ಕರೆದು, ಮಧ್ಯಾಹ್ನ ಎರಡು ಗಂಟೆ ಹೊತ್ತು ಸಿಗ್ನಲ್ ಇರಲಿಲ್ಲ, ಆಗಲೇ ಮಾಡಿರುತ್ತಾಳೆ ಎಂದು ಖಾತ್ರಿಯಾಗಿ ಹೇಳುತ್ತಿದ್ದರು. ಹೇಳುವಾಗ ಮುಖದಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿರುತ್ತಿತ್ತು.

ಈ ನಡುವೆ ಬೀದಿಯವರು ಸೇರಿ ಸಿಗ್ನಲ್ಲಿಗೆ ಅರ್ಜಿ ಹಾಕಿದೆವು. ಬರೆದವನು ನಾನು, ಅಕ್ಷರ ದುಂಡಗಿದೆಯೆಂದು. ಆರು ತಿಂಗಳಿಗೆ ಕಂಪನಿಯಿಂದ ಸಿಗ್ನಲ್ ಅಳೆಯುವವರೊಬ್ಬರು ಬಂದರು. ಕೈಯಲ್ಲಿ ಎರಡು ಫೋನು, ತೊಡೆಯ ಮೇಲೆ ಕಂಪ್ಯೂಟರ್. ನೋಡೋಣ, ಫೋನಲ್ಲಿ ಮಾತಾಡೋದು ಎಲ್ಲಿ ಎಂದು ಕೇಳಿದರು. ನಮ್ಮ ಬೀದಿಯ ಬುದ್ಧಿವಂತಿಕೆ ನೋಡಿ. ಫೋನು ಎಂದ ತಕ್ಷಣ ನಾವು ಹತ್ತು ಜನ ಸೇರಿ, ಬಂದ ನೆಂಟರನ್ನು ಕರೆದೊಯ್ಯುವ ಹಾಗೆ, ಅವರನ್ನು ಮರ್ಯಾದೆಯಿಂದ ಅಕ್ಕನ ಎರಡನೇ ಮೆಟ್ಟಿಲಿಗೆ ಕರೆದುಕೊಂಡು ಹೋದೆವು. ಯಾರೋ ಮೆಟ್ಟಿಲು ಒರೆಸಿದರು, ಯಾರೋ ಚಹಾ ತಂದರು. ಎದ್ದೇಳಬೇಡಿ ಎಂದು ಎಲ್ಲರೂ ಒಟ್ಟಿಗೇ ಹೇಳಿದೆವು. ಪುಣ್ಯಾತ್ಮ ಏಳಲಿಲ್ಲ. ಅಲ್ಲೇ ಕೂತು ಅಳೆದು, ಚಹಾ ಕುಡಿದು, ಕೈಮುಗಿದು ಹೊರಟರು. ಎರಡು ತಿಂಗಳಿಗೆ ಉತ್ತರ ಬಂತು: ನಿಮ್ಮ ಬೀದಿಯಲ್ಲಿ ಸಿಗ್ನಲ್ ತೃಪ್ತಿಕರವಾಗಿದೆ.

ಕಾಗದ ಓದಿ ನಾನು ತಲೆ ಚಚ್ಚಿಕೊಂಡೆ. ಹತ್ತು ಜನರಲ್ಲಿ ಒಬ್ಬನಿಗಾದರೂ ಹೊಳೆಯಬಾರದಿತ್ತೇ ಎಂದು ಅಕ್ಕನ ಮುಂದೆ ಕೂಗಾಡಿದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ನನಗೆ ಆವತ್ತೇ ಹೊಳೆದಿತ್ತು ಗಡಿಯಾರದವರೇ," ಎಂದರು. ಮತ್ತೆ ಯಾಕೆ ಬಾಯಿಬಿಡಲಿಲ್ಲ ಎಂದರೆ ಹೊಲಿಗೆಗೆ ಬಗ್ಗಿದರು. ನನಗೆ ಮೈಯೆಲ್ಲ ಉರಿಯಿತು. ಇಡೀ ಬೀದಿಯವರು ತನ್ನ ಹೊಸಿಲಿಗೆ ಬಂದು ಕಾಯಲಿ ಎನ್ನುವ ಜಂಬ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ ಓಡಿದ್ದು.

ನಾನೂ ಹಟಕ್ಕೆ ಬಿದ್ದೆ. ಮತ್ತೆ ಅರ್ಜಿ, ಮತ್ತೆ ಓಡಾಟ. ಎರಡನೇ ಸಲ ಅಳೆಯುವವರು ಬಂದಾಗ ಅವರ ಕೈಹಿಡಿದು ಪ್ರತಿ ಮನೆಯ ಅಡುಗೆಮನೆ, ಬಚ್ಚಲು, ಅಟ್ಟ ಎಲ್ಲ ತೋರಿಸಿದೆ, ಅಕ್ಕನ ಮನೆಯೊಂದನ್ನು ಬಿಟ್ಟು. ಎಲ್ಲಿಯೂ ಒಂದು ಕಡ್ಡಿಯೂ ಏಳಲಿಲ್ಲ. ನಾಲ್ಕು ತಿಂಗಳಲ್ಲಿ ಗೋದಾಮಿನ ಚಾವಣಿಯ ಮೇಲೆ ಮೊಬೈಲ್ ಟವರಿನ ಕಂಬ ನಿಂತಿತು. ಒಂದು ಬೆಳಿಗ್ಗೆ ಬೀದಿಯ ಎಲ್ಲ ಫೋನುಗಳೂ ಅವರವರ ಮನೆಯೊಳಗೇ ಹೊಡೆದುಕೊಳ್ಳತೊಡಗಿದವು. ಜನ ನನ್ನ ಬೆನ್ನು ತಟ್ಟಿದರು. ನಾನು ಎದೆಯುಬ್ಬಿಸಿ ಅಂಗಡಿ ತೆರೆದೆ.

ಆವತ್ತು ಅಕ್ಕನ ಮೆಟ್ಟಿಲಿಗೆ ಯಾರೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಅಕ್ಕ ಚೀಲವನ್ನು ಸರಳಿನಿಂದ ಬಿಚ್ಚಿ ಕೊರಳಿಗೆ ಹಾಕಿಕೊಂಡರು. ಅಡುಗೆಮನೆಯಲ್ಲಿ ಪೂರ್ತಿ ಕಡ್ಡಿ, ಅಂಗಳದಲ್ಲಿ ಪೂರ್ತಿ ಕಡ್ಡಿ. ಎಷ್ಟೋ ವರ್ಷದ ಮೇಲೆ ಪೇಟೆಯವರೆಗೂ ನಡೆದುಹೋಗಿ ಬಂದರು, ಅಲ್ಲೂ ಪೂರ್ತಿ ಕಡ್ಡಿ. ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು. ಫೋನು ಒಂದು ಕ್ಷಣವೂ ಸಿಗ್ನಲ್ ಕಳೆದುಕೊಳ್ಳಲಿಲ್ಲ, ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಅಕ್ಕ ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದರು, ಬಿಚ್ಚಿ ಮತ್ತೆ ಹಾಗೇ ಹೊಲಿದರು. ಊಟ ಮಾಡಿದ ಹಾಗೆ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಬಂದು ನಿಂತರು.

"ಇಷ್ಟು ದಿನ ಸಿಗ್ನಲ್ ಇಲ್ಲ ಅಂತ ಹೇಳ್ಕೋತಿದ್ದೆ. ಇನ್ನು ಏನಂತ ಹೇಳ್ಕೊಳ್ಳಲಿ ಗಡಿಯಾರದವರೇ?"

ಅಳೆಯುವವರು ಮೆಟ್ಟಿಲ ಮೇಲೆ ಕೂತಿದ್ದ ದಿನ ಅಕ್ಕ ಯಾಕೆ ಬಾಯಿಬಿಡಲಿಲ್ಲ ಎಂಬುದು ನನಗೆ ಆಗ ಗೊತ್ತಾಯಿತು. ಇವರು ಒಂಬತ್ತು ವರ್ಷ ಹಿಡಿದುಕೊಂಡಿದ್ದ ಒಂದೇ ಒಂದು ಆಸರೆಯನ್ನು ನಾನು ಅರ್ಜಿ ಬರೆದು, ಅಲೆದು, ಹಟಮಾಡಿ ಕಿತ್ತುಕೊಂಡಿದ್ದೆ. ತಪ್ಪು ಮಾಡಿದಾಗ ನನಗೆ ಅಳು ಬರುವುದಿಲ್ಲ, ಸಿಡುಕು ಬರುತ್ತದೆ. "ಸಿಗ್ನಲ್ ಇರೋದು ಬರೋ ಫೋನಿಗೆ ಮಾತ್ರಾನಾ? ಇಲ್ಲಿಂದ ಹೋಗೋ ಫೋನಿಗೂ ಅದೇ ಸಿಗ್ನಲ್. ಕೆಟ್ಟ ಮಾತಾಡಿದೋರು ನೀವು, ಕಾಯಬೇಕಾದೋಳು ಅವಳಾ?" ಎಂದುಬಿಟ್ಟೆ. ಅಕ್ಕ ಮುಖ ತಿರುಗಿಸಿ ಹೋದರು. ನಾಲ್ಕು ದಿನ ಕಿಟಕಿ ಮುಚ್ಚಿತ್ತು. ನಾನು ನಾಲಿಗೆ ಕಚ್ಚಿಕೊಂಡು ಕೂತೆ.

ಐದನೆಯ ದಿನ ಗುಂಡಿಯ ಡಬ್ಬಿ ಹಿಡಿದುಕೊಂಡು ಬಂದರು. ಚೀಟಿಯ ಮೇಲಿನ ಅಂಕಿಗಳನ್ನು ನಾನು ಓದಿದೆ, ಅವರು ಒಂದೊಂದಾಗಿ ಒತ್ತಿದರು. ಅತ್ತ ಕಡೆಯಿಂದ ಹೆಣ್ಣುಧ್ವನಿ ಬಂತು: ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಅಕ್ಕ ಅದನ್ನು ಕೊನೆಯವರೆಗೆ ಕೇಳಿಸಿಕೊಂಡರು. ನಾನು ಅವರ ಮುಖ ನೋಡಲು ಹೆದರುತ್ತಿದ್ದೆ. ನೋಡಿದರೆ ಅದು ಅರಳಿತ್ತು.

"ಅಲ್ಲಿ ಟವರ್ ಬಂದಿಲ್ಲ," ಎಂದರು. "ಪಾಪ, ಅವಳೂ ಎಲ್ಲೋ ಒಂದು ಮೆಟ್ಟಿಲು ಹುಡುಕ್ತಾ ಇರ್ತಾಳೆ."

ಅವಳು ಫೋನನ್ನೇ ಆರಿಸಿಟ್ಟಿರಬಹುದು, ಆ ನಂಬರನ್ನೇ ಬಿಟ್ಟಿರಬಹುದು ಎಂದು ನನಗೆ ಅನ್ನಿಸಿತು. ಬಾಯಿ ಬಿಡಲಿಲ್ಲ. ಒಂದು ಸಲ ಕಿತ್ತುಕೊಂಡದ್ದು ಸಾಕಾಗಿತ್ತು. ಅಂದಿನಿಂದ ಅಕ್ಕ ದಿನಾ ನಾಲ್ಕು ಗಂಟೆಗೆ ಕೆಲಸ ಬದಿಗಿಟ್ಟು ಆ ನಂಬರಿಗೆ ಮಾಡುವರು, ಆ ಹೆಣ್ಣುಧ್ವನಿಯನ್ನು ಕೇಳುವರು, ನೆಮ್ಮದಿಯಿಂದ ಮಿಷನ್ನಿಗೆ ಮರಳುವರು. ತೋಳುಗಳು ಮತ್ತೆ ಸರಿಯಾದ ಕಡೆ ಕೂತವು. ಹೀಗೇ ಒಂದೂವರೆ ತಿಂಗಳು ಕಳೆಯಿತು.

ಒಂದು ಸಂಜೆ, ಇನ್ನೂ ಬೆಳಕಿತ್ತು, ನಾನು ಒಂದು ಹಳೆಯ ಗೋಡೆಗಡಿಯಾರವನ್ನು ಬಿಚ್ಚಿ ಕೂತಿದ್ದೆ. ಅಕ್ಕ ಫೋನು ಹಿಡಿದು ಬಂದರು. ಏನೋ ಮೆಸೇಜು ಬಂದಿದೆ, ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿದೆ, ಓದಿಕೊಡಿ ಎಂದರು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಲ್ಲೇ ನೋಡಿದೆ. ನೀವು ಕರೆ ಮಾಡಿದ ಸಂಖ್ಯೆ ಈಗ ಲಭ್ಯವಿದೆ ಎಂದಿತ್ತು. ಸುಮ್ಮನೆ ಕಂಪನಿಯ ಜಾಹೀರಾತು ಎಂದು ಹೇಳಿ ಅಳಿಸಿಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದೆ. ಇವರು ಮಾಡಿ, ಅವಳು ಎತ್ತದೇ ಹೋದರೆ? ಎತ್ತಿ, ಬೇಡ ಎಂದರೆ? ಅಂಥದ್ದಕ್ಕೆ ಯಾವ ಕಂಬದ ಮೇಲೂ ಪರಿಹಾರವಿಲ್ಲ. ಆದರೂ ಓದಿದೆ.

ಅಕ್ಕ ಫೋನನ್ನು ಮರಳಿ ತೆಗೆದುಕೊಂಡರು. ಆಮೇಲೆ ಬೀದಿ ದಾಟಿ ಹೋಗಿ ತಮ್ಮ ಎರಡನೇ ಮೆಟ್ಟಿಲ ಮೇಲೆ ಕೂತರು. ಈಗ ಎಲ್ಲಿ ನಿಂತರೂ ಸಿಗುವ ಸಿಗ್ನಲ್ಲಿಗೆ ಅಲ್ಲಿಯೇ ಹೋಗಿ ಕೂರುವ ಅಗತ್ಯವಿರಲಿಲ್ಲ. ನನ್ನನ್ನೂ ಕಣ್ಣಲ್ಲೇ ಕರೆದರು. ಹೋಗಿ ಪಕ್ಕದಲ್ಲಿ ನಿಂತೆ. ಆ ಹಳೆಯ ಫೋನಿನ ಧ್ವನಿ ಜೋರು, ಅತ್ತ ಗಂಟೆ ಬಾರಿಸುವುದು ನನಗೂ ಕೇಳುತ್ತಿತ್ತು. ಐದು ಸಲ ಬಾರಿಸಿತು. ಆರನೆಯದು ಅರ್ಧಕ್ಕೆ ನಿಂತಿತು. ಇವರು ಇನ್ನೂ ಬಾಯಿ ತೆರೆದಿರಲಿಲ್ಲ.

"ಅಕ್ಕಾ?"

ಅವಳ ಫೋನಿನಲ್ಲಿ ಮೂಡಿದ್ದು ಇಬ್ಬರೂ ಸೇರಿ ಕೊಂಡಿದ್ದ ಫೋನಿನ ನಂಬರು. ಅವಳಿಗೆ ಮರೆಯುವುದೆಲ್ಲಿ ಬಂತು.

ಅಕ್ಕ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡರು. ಅತ್ತ ಕಡೆಯಿಂದ ತಂಗಿ ಕೇಳಿಸ್ತಿದ್ಯಾ ಎಂದಳು, ಸ್ವಲ್ಪ ಬಿಟ್ಟು ಮತ್ತೆ ಕೇಳಿಸ್ತಿದ್ಯಾ ಎಂದಳು. ಕೇಳಿಸ್ತಿದೆ ಎಂದರು ಅಕ್ಕ ಕೊನೆಗೆ, ನಿನಗೂ ಕೇಳಿಸ್ತಿದ್ಯಾ ಎಂದು ಕೇಳಿದರು. ಕೇಳಿಸ್ತಿದೆ ಎಂದಳು. ಲೈನು ತಿಳಿನೀರಿನ ಹಾಗಿತ್ತು, ಒಂದು ಗರಗರ ಇಲ್ಲ. ಆದರೂ ಇಬ್ಬರು ಹೆಂಗಸರು ಅದನ್ನೇ ಇನ್ನೂ ಎರಡು ಸಲ ಕೇಳಿಕೊಂಡರು. ನಾನು ಎರಡು ಸಲ ಮಾಡಿದ್ದೆ, ಸಿಗಲಿಲ್ಲ ಎಂದಳು ತಂಗಿ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಗೊತ್ತು ಕಣೇ, ಇಲ್ಲಿ ಸಿಗ್ನಲ್ ಇರಲಿಲ್ಲ ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತು ಹೋಗಬೇಡ ಅನ್ನಬೇಕಿತ್ತು, ಅದು ಬಿಟ್ಟು ಏನೋ ಅಂದೆ ಎಂದರು.

ಅತ್ತ ಕಡೆಯಿಂದ ತಂಗಿ ಮೂಗೆಳೆದುಕೊಳ್ಳುವ ಸದ್ದು ಬಂತು.

"ಮೆಟ್ಟಿಲ ಮೇಲೆ ಕೂತಿದ್ದೀಯಾ?"

"ಹೂಂ."

"ಎದ್ದೇಳಬೇಡ ಅಕ್ಕಾ. ಸಿಗ್ನಲ್ ಹೋಗುತ್ತೆ."

ಗೋದಾಮಿನ ಮೇಲಿನ ಕಂಬ ನಮ್ಮ ತಲೆಯ ಮೇಲೇ ನಿಂತಿತ್ತು. ಅಕ್ಕ ಅದರ ಕಡೆ ನೋಡಲೂ ಇಲ್ಲ.

"ಇಲ್ಲ ಕಣೇ," ಎಂದರು. "ಏಳಲ್ಲ."