ದೆವ್ವದ ಸೀರೆ

ವಡೋದರಾದ ನಮ್ಮ ಬ್ಯಾಂಕಿನಲ್ಲಿ ಸಾಲ ಪಡೆದಿದ್ದ ಸೀರೆ ವ್ಯಾಪಾರಿಯೊಬ್ಬರ ಸ್ಟಾಕ್ ನೋಡಲು ಸೂರತ್ತಿಗೆ ಹೋಗಿದ್ದೆ. ಗೋದಾಮಿನ ತುಂಬ ಒಂದೇ ನಮೂನೆಯ ಮಿರಿಮಿರಿ ಸೀರೆಗಳು. ಪ್ರತಿ ಪೆಟ್ಟಿಗೆಯ ಮೇಲೂ ನಾನು ಮೂರು ವರ್ಷದಿಂದ ಬಿಡದೆ ನೋಡುತ್ತಿರುವ ಧಾರಾವಾಹಿಯ ದೆವ್ವದ ಫೋಟೊ!

ನನಗೆ ತಡೆಯಲಾಗಲಿಲ್ಲ. "ಶೇಠ್‌ಜಿ, ಮೊದಲೆಲ್ಲ ಇವಳು ಸುಟ್ಟ ಸೆರಗು ಹೊದ್ದು ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂತರೂ ನನಗೆ ಎದೆ ಝಲ್ಲೆನ್ನುತ್ತಿತ್ತು. ಈಗ ಇದೇ ಸೀರೆ ಉಟ್ಟು, ಮ್ಯಾಚಿಂಗ್ ಬಳೆ ತೊಟ್ಟು ಅತ್ತೆಯ ಜತೆ ಜಗಳಕ್ಕೆ ನಿಲ್ಲುತ್ತಾಳೆ. ತನ್ನನ್ನು ಸುಟ್ಟವರು ಯಾರೆಂಬುದೇ ಅವಳಿಗೆ ಮರೆತುಹೋಗಿದೆ, ಬರೆಯುವವರಿಗೂ ಅಷ್ಟೇ. ಮುಕ್ತಿ ಕೊಟ್ಟು ಮುಗಿಸಬಾರದೇ?"

ಶೇಠ್‌ಜಿ ಗಾಬರಿಯಾಗಿ, ನನ್ನನ್ನು ಅಕ್ಕನೆಂದು ಕರೆದು ಕೈಮುಗಿದರು. "ಹಾಗನ್ನಬೇಡಿ ಬೆನ್! ಅವಳು ಟೀವಿಯಲ್ಲಿ ಇರುವ ತನಕವೇ ಈ ಸೀರೆ ಕೇಳುವವರು. ದೀಪಾವಳಿಗೆ ಮುಂಚೆ ಅವಳಿಗೆ ಮುಕ್ತಿ ಸಿಕ್ಕಿಬಿಟ್ಟರೆ ನಾನು ಮುಳುಗಿದೆ."

"ಮತ್ತೆ ಕತೆ?"

"ಕತೆ ಯಾರಿಗೆ ಬೇಕು ಬೆನ್? ನಮ್ಮ ಮನೆಯವಳು ಸೌಂಡ್ ಆಫ್ ಮಾಡಿ ಸೀರೆ ಮಾತ್ರ ನೋಡುತ್ತಾಳೆ."

ಸ್ಟಾಕ್ ಸರಿಯಿದೆಯೆಂದು ಸಹಿ ಹಾಕಿ ವಡೋದರಾಕ್ಕೆ ಮರಳಿದೆ. ಮಾರನೇ ದಿನ ನಾನೂ ಸೌಂಡ್ ಆಫ್ ಮಾಡಿ ನೋಡಿದೆ. ನಿಜ ಹೇಳಬೇಕೆಂದರೆ, ಇತ್ತೀಚೆಗೆ ಅಷ್ಟು ಒಳ್ಳೆಯ ಎಪಿಸೋಡ್ ಬಂದೇ ಇರಲಿಲ್ಲ.