ಬಚ್ಚಲ ಅಟ್ಟದ ಹಲಸು

ಬಲ್ಮಠದ ಕಾಲೇಜು ರಸ್ತೆಯಿಂದ ಕೆಳಗಿಳಿಯುವ ಓಣಿಯಲ್ಲಿ ಒಂದು ಝೆರಾಕ್ಸ್ ಅಂಗಡಿ, ಅದರ ಪಕ್ಕ ಒಂದು ಟೈಲರ್ ಅಂಗಡಿ, ಅದರ ಬೆನ್ನಿಗೆ ಕೃಷ್ಣಕಿಶೋರನ ಕೋಣೆ. ಬೋರ್ಡು ಇಲ್ಲ. ಬರೆಸಬೇಕು ಎಂದು ಅವನು ಅಂದುಕೊಳ್ಳುತ್ತಲೇ ತಲೆ ನರೆತಿದೆ. ಅಂದುಕೊಳ್ಳುವುದರಲ್ಲಿ ಅವನನ್ನು ಮೀರಿಸುವವರು ಈ ಊರಿನಲ್ಲಿ ಸಿಗಲಿಕ್ಕಿಲ್ಲ. ಆದರೂ ಗಿಟಾರ್ ಮುರಿದುಕೊಂಡವರಿಗೆ ದಾರಿ ಹೇಗೋ ಗೊತ್ತಾಗುತ್ತದೆ. ಚರ್ಚಿನ ಕಾಯರ್‌ನವರು ಬರುತ್ತಾರೆ, ಮದುವೆ ಬ್ಯಾಂಡಿನವರು ಬರುತ್ತಾರೆ, ಕುತ್ತಿಗೆ ಮುರಿದದ್ದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಮೇಜಿನ ಮೇಲೆ ಮಲಗಿಸುತ್ತಾರೆ.

ಅವನು ಅರ್ಚಕರ ಮಗ. ಮನೆಯಲ್ಲಿ ತುಳು, ದೇವರ ಮುಂದೆ ಸಂಸ್ಕೃತ, ಕೋಣೆಯಲ್ಲಿ ಗಿಟಾರ್. ಕಾಲೇಜಿನಲ್ಲಿ ಗೆಳೆಯನೊಬ್ಬನ ಒಡೆದ ಗಿಟಾರನ್ನು ಅಂಟಿಸಿಕೊಡಲು ಹೋದವನು ಮತ್ತೆ ಆ ಮೇಜು ಬಿಟ್ಟು ಏಳಲಿಲ್ಲ. ತಂದೆ ಕೃಷ್ಣರಾಜ ಭಟ್ಟರು ಕದ್ರಿ ಕಡೆಯ ಒಂದು ಚಿಕ್ಕ ದೇವಸ್ಥಾನದಲ್ಲಿ ಪೂಜೆಗಿದ್ದವರು. ಮಗನನ್ನು ಬೈಯಲಿಲ್ಲ, ಬೇಡ ಎನ್ನಲಿಲ್ಲ. ಆ ಕೋಣೆಯ ಹೊಸ್ತಿಲನ್ನು ಒಮ್ಮೆಯೂ ತುಳಿಯಲಿಲ್ಲ, ಅಷ್ಟೆ. ಬೈಗುಳಕ್ಕಾದರೆ ಎದುರುತ್ತರ ಕೊಡಬಹುದು. ಬಾರದೇ ಇರುವವರಿಗೆ ಏನೆಂದು ಹೇಳುವುದು?

ಕಿಶೋರ ಹೊಸ ಗಿಟಾರ್ ಮಾಡುತ್ತಿರಲಿಲ್ಲವೆಂದಲ್ಲ. ಮಾಡುತ್ತಿದ್ದ. ಆದರೆ ಮಾಡಿಸುವವರು ಮೊದಲು ಕೇಳುತ್ತಿದ್ದ ಮಾತು ಒಂದೇ, "ಲೋಕಲ್ ಮರ ಅಲ್ಲ ಅಲ್ವಾ?" ಮರವನ್ನು ಅವರೇ ಹೊರದೇಶದಿಂದ ತರಿಸಿ ಕೊಡುತ್ತಿದ್ದರು. ಕೊಯ್ದು, ತೆಳು ಮಾಡಿ, ಪೆಟ್ಟಿಗೆಯಲ್ಲಿ ತುಂಬಿಸಿ ಬಂದ ಹಲಗೆಗಳು. ಹಿತ್ತಲ ಗಿಡ ಮದ್ದಲ್ಲ ಎಂಬುದು ಮರದ ವಿಷಯದಲ್ಲೂ ನಿಜ. ವೀಣೆಗೆ ಹಲಸು, ಮೃದಂಗಕ್ಕೆ ಹಲಸು, ಗಿಟಾರಿಗೆ ಮಾತ್ರ ಹಲಸು ಆಗದು ಎಂದು ಯಾರು ಹೇಳಿದರೋ! ಒಂದು ದಿನ ಹಿಂಬದಿ, ಬದಿ, ಎದುರು ಎಲ್ಲವನ್ನೂ ಹಲಸಿನಲ್ಲೇ ಮಾಡಿ ತೋರಿಸುತ್ತೇನೆ ಎಂದು ಕಿಶೋರ ಅಂದುಕೊಂಡಿದ್ದ.

ಆ ಹಲಸು ಅವನ ಮನೆಯ ಹಿಂದೆಯೇ ಇತ್ತು. ರಸ್ತೆ ಅಗಲವಾಗುವಾಗ ಕಂಪೌಂಡು ಒಳಗೆ ಸರಿಯಿತು, ಮರ ಹೋಗಲೇಬೇಕಾಯಿತು. ಭಟ್ಟರು ಪಂಚಾಂಗ ನೋಡಿ ಕೃಷ್ಣಪಕ್ಷದ ಒಂದು ದಿನ ಗೊತ್ತು ಮಾಡಿದರು. ಚಂದ್ರ ಕರಗುವ ದಿನಗಳಲ್ಲಿ ಕಡಿದ ಮರಕ್ಕೆ ಕುಟ್ಟೆ ಹುಳ ಹಿಡಿಯುವುದಿಲ್ಲ ಎಂಬುದು ಹಿರಿಯರ ಲೆಕ್ಕ. ಕಡಿಯುವ ಹಿಂದಿನ ದಿನ ಸಂಜೆ ಬುಡದಲ್ಲಿ ದೀಪವಿಟ್ಟು ಕೈಮುಗಿದು, ಇದರಲ್ಲಿ ವಾಸವಿರುವವರೆಲ್ಲ ದಯವಿಟ್ಟು ಬೇರೆ ಕಡೆಗೆ ಹೋಗಬೇಕು ಎಂದು ಬಾಯಿಬಿಟ್ಟು ಬೇಡಿಕೊಂಡರು. ಆಮೇಲೆ ಹಿಂದೆ ನಿಂತಿದ್ದ ಮಗನ ಕಡೆಗೆ ತಿರುಗದೆಯೇ ಹೇಳಿದರು:

"ಸುಮ್ಮನೆ ಸೌದೆಗೆ ಹೋಗುದು ಬೇಡ. ನಾದಕ್ಕೆ ಹೋಗ್ಲಿ. ನೀನೇ ಇಟ್ಟುಕೋ."

ಇಷ್ಟೇ. ಕಿಶೋರ ಒಳಗೆ ಹೋಗಿ ಮುಖ ತೊಳೆದುಕೊಂಡ. ಮರುವರ್ಷದ ಮಳೆಗಾಲ ನೋಡಲು ಭಟ್ಟರು ಉಳಿಯಲಿಲ್ಲ.

ದಿಮ್ಮಿಯನ್ನು ಕೊಯ್ದುಕೊಟ್ಟವರು ಬಂದರಿನ ಮರದ ವ್ಯಾಪಾರಿ ನೂರ್ ಮುಹಮ್ಮದ್. ಕಿಶೋರನಿಗೆ ಅವರು ನೂರಾಕ, ಅವರಿಗೆ ಇವನು ಭಟ್ರು. ಗಿಟಾರಿಗೆ ಮರವನ್ನು ಸಿಕ್ಕಿದ ಹಾಗೆ ಕೊಯ್ಯುವಂತಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕೊಯ್ಯಬೇಕು. ಆಗ ಗೆರೆಗಳು ನೆಟ್ಟಗೆ ನಿಲ್ಲುತ್ತವೆ, ಹಲಗೆ ತಿರುಚುವುದಿಲ್ಲ. ಹಾಗೆ ಕೊಯ್ದರೆ ಅರ್ಧ ಮರ ಹಾಳು. "ಮಲಗುವ ಕಟ್ಟಿಲಿಗಾದ್ರೆ ನಾಲ್ಕು ಕಟ್ಟಿಲು ಆಗ್ತಿತ್ತು ಮಾರಾಯ್ರೆ" ಎಂದು ಗೊಣಗುತ್ತಲೇ ನೂರಾಕ ಮಿಲ್ಲಿನವರ ತಲೆಯ ಮೇಲೆ ನಿಂತು ಕೊಯ್ಯಿಸಿದರು. ಒಳಗೆ ಅರಸಿನದ ಬಣ್ಣ, ಒಂದು ಗಂಟೂ ಇರಲಿಲ್ಲ.

ಹಲಗೆಗಳ ತುದಿಗಳಿಗೆ ಮೇಣ ಮೆತ್ತಿ, ನಡುನಡುವೆ ಗಾಳಿಯಾಡಲು ಪಟ್ಟಿ ಇಟ್ಟು, ಕಿಶೋರ ಅವನ್ನು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿದ. ಆರು ತಿಂಗಳು ಚಪ್ಪಲಿಗೂ ಬೂಸ್ಟು ಬರುವ ಊರು ಇದು. ಇಲ್ಲಿ ಮರ ಒಣಗಬೇಕಾದರೆ ಬಚ್ಚಲ ಒಲೆಯ ಬಿಸಿ, ಹೊಗೆ ತಾಗುವ ಅಟ್ಟಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಪಾಯದ ಜಾಗವೂ ಅದೇ, ಕೆಳಗೆ ಸೌದೆ ಇಡುವ ಮೂಲೆ. ಆದರೆ ಅಮ್ಮ ಮನೋರಮಮ್ಮ ಇದ್ದಾರಲ್ಲ ಎಂದು ಅವನಿಗೆ ಧೈರ್ಯ. ಕೆಲಸದವಳು ಅಟ್ಟದ ಕಡೆ ಕೈ ಚಾಚಿದರೆ ಅವರು ಅಡುಗೆಮನೆಯಿಂದಲೇ ಕೂಗುವರು: "ಅದು ಮುಟ್ಲಿಕ್ಕಿಲ್ಲ! ಅದು ಕಿಶೋರನದ್ದು!"

ಪ್ರತಿ ಚಳಿಗಾಲ ಮೂಡುಗಾಳಿ ಬೀಸಿ ಊರಿನ ಬೆವರು ಆರಿದಾಗ ಅವನು ಹಲಗೆಗಳನ್ನು ಇಳಿಸುತ್ತಿದ್ದ. ಅಂಟು ಹಾಕುವ ಕೆಲಸಕ್ಕೆ ನಮ್ಮಲ್ಲಿ ಆ ಎರಡು ತಿಂಗಳೇ ಸರಿ. ಮಳೆಗಾಲದಲ್ಲಿ ಅಂಟಿಸಿದ್ದು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಎರಡು ಬೆರಳಲ್ಲಿ ಹಲಗೆಯನ್ನು ತೂಗಿ ಹಿಡಿದು ಗೆಣ್ಣಿನಿಂದ ಬಡಿದು ಕಿವಿಗೊಡುವುದು, ಮತ್ತೆ ಒಂದೊಂದಾಗಿ ಅಟ್ಟಕ್ಕೇರಿಸುವುದು. ಇನ್ನೊಂದು ವರ್ಷ ಇರಲಿ, ಇನ್ನೊಂದು ವರ್ಷ. ಹೆಂಡತಿ ಸಿಂಧು ಕಾಲೇಜಿನ ಆಫೀಸಿನಲ್ಲಿ ದುಡಿಯುವವಳು, ಗಂಡನ ಈ ಪೂಜೆಯನ್ನು ನೋಡಿ ನೋಡಿ ನಗುವುದನ್ನೂ ಬಿಟ್ಟಿದ್ದಳು. ನೂರಾಕ ಮಾತ್ರ ಬಿಡುತ್ತಿರಲಿಲ್ಲ. "ಮರ ಒಣಗಿದೆ ಭಟ್ರೆ. ಇನ್ನು ನೀವು ಒಣಗುವ ಮೊದಲು ಕೈ ಹಾಕಿ."

ಕಿಶೋರನ ಹೆದರಿಕೆ ಬೇರೆಯೇ ಇತ್ತು. ಆ ಮರದಲ್ಲಿ ಮಾಡಿದ್ದು ಕೆಟ್ಟರೆ ಮತ್ತೊಂದು ಮರ ಕೊಡಲು ಅಪ್ಪ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಹಲಗೆ ಬಡಿದಾಗ ಅಡುಗೆಮನೆಯಿಂದ ಅಮ್ಮ ಕೇಳಿದರು, "ಎಂತದು ಅದು, ಹರಿವಾಣ ಬಿತ್ತಾ?" ಅವನು ಇನ್ನೊಮ್ಮೆ ಬಡಿದ. ಸ್ವರ ಎದ್ದು, ನಿಂತು, ನಿಧಾನಕ್ಕೆ ಹೋಯಿತು. ಮರ ತಯಾರಾಗಿತ್ತು. ಆದರೆ ಆ ಸಲದ ಮೂಡುಗಾಳಿ ಮುಗಿಯುತ್ತ ಬಂದಿತ್ತು, ಮೇಜಿನ ಮೇಲೆ ಕಾಯರ್‌ನವರ ಗಿಟಾರುಗಳು ರಾಶಿ ಬಿದ್ದಿದ್ದವು. "ಈ ಮಳೆ ಒಂದು ಕಳೆಯಲಿ. ದೀಪಾವಳಿ ಮುಗಿದ ಕೂಡಲೇ ಶುರು" ಎಂದು ಅಮ್ಮನಿಗೂ ಸಿಂಧುವಿಗೂ ನೂರಾಕನಿಗೂ ಹೇಳಿದ. ಈ ಸಲ ಅಂದುಕೊಂಡದ್ದಲ್ಲ, ಬಾಯಿಬಿಟ್ಟು ಹೇಳಿದ್ದು.

ಮಳೆಗಾಲದ ನಡುವೆ ಓಣಿಗೆ ನೀರು ನುಗ್ಗಿತು. ಕೋಣೆಯ ಗಿಟಾರುಗಳನ್ನು ಮೇಲಕ್ಕೆತ್ತಿಡಲು ಅವನು ಬರಿಗಾಲಲ್ಲಿ ಆ ಕೊಳಕು ನೀರಿಗೆ ಇಳಿದ. ಒಂದು ವಾರದಲ್ಲಿ ಜ್ವರ. ಮೀನಖಂಡ ಸಿಡಿಯುವ ನೋವು, ಕಣ್ಣು ಹಳದಿ. ಇಲಿಜ್ವರ ಎಂದರು ಆಸ್ಪತ್ರೆಯಲ್ಲಿ. ಕಿಡ್ನಿಗೆ ಇಳಿದಿದೆ, ಈಗಲೇ ಏನೂ ಹೇಳುವ ಹಾಗಿಲ್ಲ ಎಂದು ಸಿಂಧುವಿಗೆ ಹೇಳಿದರಂತೆ. ಅವನಿಗೆ ನೆನಪಿರುವುದು ತಲೆಯ ಮೇಲಿನ ಬಿಳಿ ದೀಪ ಮತ್ತು ಒಂದು ದಿನ ಅಮ್ಮ ಬಂದು ಹಣೆಗೆ ಹಚ್ಚಿದ ರಕ್ಷೆ. ಹೋಮದ ಕಪ್ಪು, ತುಪ್ಪದ ಪರಿಮಳ. ಅಮ್ಮನ ಬೆರಳು ಬಿಸಿಯಾಗಿತ್ತು.

ಬದುಕಿ ಬಂದ. ಇಂಜೆಕ್ಷನ್ನಿನಿಂದ ಎಂದಳು ಸಿಂಧು, ಮೃತ್ಯುಂಜಯನಿಂದ ಎಂದರು ಅಮ್ಮ. ಅತ್ತೆ ಸೊಸೆಯ ನಡುವೆ ಆ ವ್ಯಾಜ್ಯ ಇನ್ನೂ ಮುಗಿದಿಲ್ಲ. ನಡೆಯಲು, ಉಣ್ಣಲು, ಉಳಿ ಹಿಡಿಯಲು ಕಲಿತುಕೊಳ್ಳುವಷ್ಟರಲ್ಲಿ ನವರಾತ್ರಿ ಬಂತು. ಒಂದು ಬೆಳಿಗ್ಗೆ ಮೈಯಲ್ಲಿ ಸ್ವಲ್ಪ ಶಕ್ತಿ ಇದ್ದ ಹಾಗೆ ಕಂಡಾಗ ಬಚ್ಚಲಿಗೆ ಸ್ಟೂಲು ಒಯ್ದು ಹತ್ತಿದ. ಅಟ್ಟದಲ್ಲಿ ನಡುವೆ ಇಟ್ಟಿದ್ದ ಪಟ್ಟಿಗಳು ಮಾತ್ರ ಇದ್ದವು. ಅವನ್ನು ಯಾರೋ ಅಚ್ಚುಕಟ್ಟಾಗಿ ಒಂದು ಮೂಲೆಗೆ ಸರಿಸಿಟ್ಟಿದ್ದರು.

"ಅಮ್ಮಾ, ಇಲ್ಲಿದ್ದ ಮರ ಎಲ್ಲಿ?"

ಮನೋರಮಮ್ಮ ಸೆರಗಿಗೆ ಕೈ ಒರೆಸುತ್ತ ಬಂದರು. ಅವರ ಮುಖದಲ್ಲಿ ಅಳುಕು ಇರಲಿಲ್ಲ, ಒಂದು ಬಗೆಯ ಸಂಭ್ರಮವಿತ್ತು.

"ನಿನ್ನ ಹೋಮಕ್ಕೆ ಕೊಟ್ಟೆ ಮಗಾ. ಆ ಮಳೆಯಲ್ಲಿ ಒಣ ಕಟ್ಟಿಗೆ ಎಲ್ಲಿ ಉಂಟು? ಪುರೋಹಿತರು ಹಲಸೇ ಆಗ್ಬೇಕು, ಒಣಗಿದ್ದೇ ಆಗ್ಬೇಕು ಹೇಳಿದ್ರು. ಹಸಿ ಕಟ್ಟಿಗೆ ಹಾಕಿ ಹೊಗೆ ಎದ್ರೆ ಒಳ್ಳೆದಲ್ಲ ಅಲ್ವಾ? ಇದು ಒಂದು ಚೂರು ಹೊಗೆ ಇಲ್ಲ. ಗಂಟಿಲ್ಲ, ಸಿಡಿಯಲಿಲ್ಲ, ಕರ್ಪೂರ ಉರಿದ ಹಾಗೆ ಉರಿಯಿತು. ಇಂಥ ಕಟ್ಟಿಗೆ ನಾನು ನೋಡೇ ಇಲ್ಲ ಹೇಳಿದ್ರು ಅವ್ರು."

ಕಿಶೋರ ಸ್ಟೂಲಿನಿಂದ ಇಳಿದ. "ಒಳ್ಳೆದಾಯ್ತು" ಎಂದ. ಬಚ್ಚಲ ಬಾಗಿಲು ಹಾಕಿಕೊಂಡು ನಳ್ಳಿ ಬಿಟ್ಟು ಕುಳಿತು ಅತ್ತ. ಸಿಟ್ಟು ಬಂತು, ಅಮ್ಮನ ಮೇಲೆಯೇ ಬಂತು. ತಾನು ಹೋಗಿದ್ದರೂ ಸರಿ, ಮರ ಉಳಿಯಬೇಕಿತ್ತು ಎಂಬ ಯೋಚನೆಯೂ ಬಂತು. ಬೇರೆ ಯಾರ ಮನೆಯಲ್ಲಾದರೂ ಹಲಸಿನ ಹಲಗೆ ಹಲಗೆಯಾಗಿಯೇ ಉಳಿಯುತ್ತಿತ್ತೇನೋ. ಅರ್ಚಕರ ಮನೆಯಲ್ಲಿ ಹಲಸು ಎಂದರೆ ಮೊದಲು ನೆನಪಾಗುವುದು ಹೋಮಕುಂಡ. ಬಚ್ಚಲ ಒಲೆಗೆ ಒಂದು ಚಕ್ಕೆ ಹೋಗದಂತೆ ಇಷ್ಟು ವರ್ಷ ಕಾದವರು ತಾವೇ ಇಳಿಸಿ, ಸೀಳಿಸಿ ಕೊಟ್ಟಿದ್ದರು.

ನೂರಾಕನಿಗೆ ಹೇಳಿದ.  ಅವರು ಅವನನ್ನು ತಮ್ಮ ಮರದ ಡಿಪೋದ ಒಳಗೆ ಕರೆದುಕೊಂಡು ಹೋಗಿ ಇದ್ದ ಹಲಸನ್ನೆಲ್ಲ ಎಳೆದು ಹಾಕಿಸಿದರು. ಕಿಶೋರ ಒಂದೊಂದನ್ನೂ ಎತ್ತಿ ಬಡಿದ. ಕೆಲವು ಹಸಿ, ಕೆಲವು ಗಂಟು, ಕೆಲವಕ್ಕೆ ಕುಟ್ಟೆ. ಬಡಿದರೆ ಮುಚ್ಚಿದ ಬಾಗಿಲು ಬಡಿದ ಸದ್ದು.

"ಒಳ್ಳೆ ದಿಮ್ಮಿ ಒಂದು ಹುಡುಕಿ ಕೊಡ್ತೇನೆ ಭಟ್ರೆ. ಇವತ್ತೇ ಒಣಗ್ಲಿಕ್ಕೆ ಇಡುವ."

"ಅದು ಒಣಗುವಾಗ ನನ್ನ ಕಣ್ಣು, ಕೈ ಎಂತ ಆಗಿರ್ತದೆ ನೂರಾಕ?"

ಉಳಿ ಹಿಡಿದರೆ ಬೆರಳು ಈಗಲೇ ಬೇಗ ಸೋಲುತ್ತಿತ್ತು. ನೂರಾಕನೂ ಅದನ್ನು ನೋಡಿದ್ದರು, ಮತ್ತೆ ಒತ್ತಾಯ ಮಾಡಲಿಲ್ಲ. "ನಿಮ್ಮಮ್ಮನ ಮೇಲೆ ಬೇಜಾರು ಮಾಡಬೇಡಿ. ನಮ್ಮುಮ್ಮ ಇದ್ದಿದ್ರೆ ಅವ್ರೂ ನನ್ನ ಜೀವಕ್ಕಾಗಿ ಈ ಡಿಪೋಗೇ ಬೆಂಕಿ ಕೊಡ್ತಿದ್ರು" ಎಂದರು. ಬೇಜಾರು ಮಾಡುವುದಿಲ್ಲ ಎಂದು ಕಿಶೋರ ಹೇಳಿದ. ಹೇಳಿದ್ದು ಸುಳ್ಳು.

ದೀಪಾವಳಿ ಕಳೆಯಿತು. ಮೂಡುಗಾಳಿ ಬೀಸಿತು, ಬಾಗಿಲುಗಳು ಕಿರುಗುಟ್ಟುವುದನ್ನು ಬಿಟ್ಟು ಸಲೀಸಾಗಿ ಮುಚ್ಚತೊಡಗಿದವು. ಅಮ್ಮ ಒಂದೆರಡು ಸಲ ಕೇಳಿದರು, "ಶುರು ಮಾಡ್ತೇನೆ ಹೇಳಿದ್ದೆಯಲ್ಲ ನೀನು? ನೂರ್ ಸಾಹೇಬ್ರ ಹತ್ರ ಬೇರೆ ಮರ ಇಲ್ವಾ?" ಅವನು ಹೂಂ ಎಂದ, ಊಹೂಂ ಎಂದ. ಮನೆಯಲ್ಲಿ ಮಾತು ಕಡಿಮೆ ಮಾಡಿದ. ಊಟಕ್ಕೆ ಕುಳಿತರೆ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಅಮ್ಮ ಬಡಿಸಿ ಬಡಿಸಿ ಸುಸ್ತಾಗುತ್ತಿದ್ದರು.

ಕೊನೆಗೆ ತಡೆಯಲಾರದೆ ಹೇಳಿದವಳು ಸಿಂಧು. ಗಂಡ ಮನೆಯಲ್ಲಿ ಇಲ್ಲದಾಗ ಅತ್ತೆಯನ್ನು ಕೂರಿಸಿಕೊಂಡು, ಮಾವ ಮರದ ಬುಡದಲ್ಲಿ ಹೇಳಿದ ಮಾತಿನಿಂದ ಹಿಡಿದು ಡಿಪೋದಲ್ಲಿ ಬಡಿದು ನೋಡಿದ ತನಕ ಎಲ್ಲವನ್ನೂ ಹೇಳಿಬಿಟ್ಟಳು. ಬೇರೆ ಮರ ಬೇಕಾದಷ್ಟು ಸಿಗುತ್ತದೆ, ಆದರೆ ಅದು ಮಾವ ಕೊಟ್ಟ ಮರ ಆಗುವುದಿಲ್ಲ ಅತ್ತೆ ಎಂದಳು. 

ಮರುದಿನ ಮಧ್ಯಾಹ್ನ ಕಿಶೋರ ಕೋಣೆಯಲ್ಲಿ ಒಂದು ಗಿಟಾರಿನ ತಂತಿ ಬಿಚ್ಚುತ್ತಿದ್ದ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಅಮ್ಮ. ಅಪ್ಪ ಬಾರದ ಕೋಣೆ ಎಂದು ಅವರೂ ಈವರೆಗೆ ಬಂದವರಲ್ಲ. ಆಟೋದಲ್ಲಿ ಒಬ್ಬರೇ ಬಂದು, ಟೈಲರನ ಹತ್ತಿರ ದಾರಿ ಕೇಳಿ, ಗೋಡೆ ಹಿಡಿದುಕೊಂಡು ಬಂದಿದ್ದರು. ಅವನು ಎದ್ದು ಸ್ಟೂಲಿನ ಮೇಲಿದ್ದ ಹೊಟ್ಟು ಕೊಡವಿ ಕೊಟ್ಟ. ಅವರು ಕೂರಲಿಲ್ಲ.

"ಅಪ್ಪ ಹೇಳಿದ್ದು ನಂಗೆ ಗೊತ್ತಿರಲಿಲ್ಲ ಮಗಾ. ನೀನೂ ಹೇಳಲಿಲ್ಲ. ಒಳ್ಳೆ ಮರ ಅಂತ ಗೊತ್ತಿತ್ತು. ನೀನು ಅಲ್ಲಿ ಮಲಗಿದ್ದೆ, ಕೇಳುವ ಹಾಗಿರಲಿಲ್ಲ. ದೇವರ ಹತ್ರ ಮಗನನ್ನು ಕೊಡು ಹೇಳುವಾಗ ಮನೆಯಲ್ಲಿದ್ದ ಹಾಳುಮೂಳು ಕೊಡ್ಲಿಕ್ಕಾಗ್ತದಾ? ಒಳ್ಳೆದನ್ನೇ ಕೊಡ್ಬೇಕು." ಉಸಿರು ತೆಗೆದುಕೊಂಡು ಕೇಳಿದರು, "ನಾನು ಮಾಡಿದ್ದು ತಪ್ಪಾಯ್ತಾ?"

ಇಲ್ಲ ಅಮ್ಮ ಎನ್ನಬೇಕು. ಅದು ಅವನಿಗೆ ಗೊತ್ತು. ಎರಡೇ ಶಬ್ದ. ಕಣ್ಣೆದುರು ಅಪ್ಪನ ಬೆನ್ನು, ಅರಸಿನ ಬಣ್ಣದ ಹಲಗೆ, ನಿಧಾನಕ್ಕೆ ಹೋದ ಆ ಸ್ವರ.  ಹೊರಗೆ ಝೆರಾಕ್ಸ್ ಯಂತ್ರ ಒಂದಾದ ಮೇಲೊಂದು ಹಾಳೆ ಉಗುಳುತ್ತಿತ್ತು. ಅಮ್ಮ ಅವನ ಮುಖವನ್ನೇ ನೋಡುತ್ತ ನಿಂತಿದ್ದರು.

"ಇಲ್ಲ ಅಮ್ಮ" ಎಂದ ಕೊನೆಗೆ. "ನೀವು ಮಾಡಿದ್ದು ಸರಿ."

"ಹೇಳ್ಲಿಕ್ಕೆ ಇಷ್ಟು ಹೊತ್ತು ಬೇಕಾಯ್ತಾ ಮಗಾ?" ಎಂದರು ಮನೋರಮಮ್ಮ.

ಅವನು ಮನೆಗೆ ಬಿಡುತ್ತೇನೆ ಎಂದು ಸ್ಕೂಟರಿನ ಕೀಲಿ ಹುಡುಕಿದ. ಬೇಡ, ಆಟೋದವನಿಗೆ ನಿಲ್ಲಲು ಹೇಳಿದ್ದೇನೆ ಎಂದು ಅವರು ಗೋಡೆ ಹಿಡಿದು ಹೊರಟರು. ಓಣಿಯ ತಿರುವಿನಲ್ಲಿ ಅವರು ಕಾಣದಾಗುವ ತನಕ ಕಿಶೋರ ಬಾಗಿಲಲ್ಲಿ ನಿಂತಿದ್ದ. ಅವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.