ಸಿದ್ದಮಲ್ಲಪ್ಪನವರ ಬಲಗೈ ಹೆಬ್ಬೆರಳು

ಕೊಳ್ಳೇಗಾಲದಲ್ಲಿ ಆಗ ಫೋಟೊ ತೆಗೆಯುವವರು ಇನ್ನೂ ಇಬ್ಬರಿದ್ದರು. ಆದರೆ ಸಿದ್ದಮಲ್ಲಪ್ಪನವರು ಅವರ ಸಾಲಿನಲ್ಲಿ ನಿಲ್ಲಲು ಒಪ್ಪುತ್ತಿರಲಿಲ್ಲ. “ಅವರು ಫೋಟೊ ತೆಗೀತಾರೆ, ನಾನು ಸಿನಿಮಾ ಹಿಡೀತೀನಿ” ಎನ್ನುತ್ತಿದ್ದರು. ಕೊಯಮತ್ತೂರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು ಬಂದಿದ್ದ ಅವರು ಸಾವಿರದ ಒಂಬೈನೂರ ಅರವತ್ತಾರರಲ್ಲಿ ಮದರಾಸಿನಿಂದ ಒಂದು ಹಳೆಯ ಮೂವಿ ಕ್ಯಾಮೆರಾ ತಂದರು. ಮರುದಿನವೇ ಅಂಗಡಿಯ ಬೋರ್ಡಿನಲ್ಲಿ ಅವರ ಹೆಸರಿನ ಕೆಳಗೆ ‘ಚಲನಚಿತ್ರ ಛಾಯಾಗ್ರಾಹಕರು’ ಎಂದು ಏರಿತು, ಹೆಸರಿಗಿಂತ ದಪ್ಪ ಅಕ್ಷರದಲ್ಲಿ.

ಆ ಕ್ಯಾಮೆರಾಕ್ಕೆ ಕರೆಂಟು ಬೇಡ. ಗೋಡೆ ಗಡಿಯಾರಕ್ಕೆ ಕೊಡುವಂತೆ ಪಕ್ಕದಲ್ಲಿ ಕೀ ಕೊಡಬೇಕು. ಗುಂಡಿ ಒತ್ತಿದರೆ ಅರ್ಧ ನಿಮಿಷ ಗಿರ್ರೆಂದು ಓಡಿ ನಿಲ್ಲುತ್ತದೆ. ಆಮೇಲೆ ಮತ್ತೆ ಕೀ. ಸ್ಪ್ರಿಂಗು ಬಲು ಬಿಗಿ, ಹೆಬ್ಬೆರಳಿನ ಶಕ್ತಿಯೆಲ್ಲ ಬೇಕು. ಅದನ್ನು ಅವರಲ್ಲದೆ ಇನ್ಯಾರೂ ಮುಟ್ಟುವಂತಿರಲಿಲ್ಲ. ಹೆಂಡತಿ ಭಾಗ್ಯಮ್ಮ ಒಮ್ಮೆ ಧೂಳು ಒರೆಸಲು ಹೋಗಿ, “ಅದೇನು ಒರಳುಕಲ್ಲೇನೇ?” ಎಂದು ಬೈಸಿಕೊಂಡಿದ್ದರು. ಆಯುಧಪೂಜೆಯ ದಿನ ಕುಂಕುಮ ಇಡಲು ಮಾತ್ರ ಅವರಿಗೆ ಅಪ್ಪಣೆಯಿತ್ತು.

ಅಷ್ಟು ಜೋಪಾನ ಮಾಡಿದ ಕ್ಯಾಮೆರಾ ಚೆನ್ನಾಗಿಯೇ ಇತ್ತು. ಕೆಟ್ಟದ್ದು ಹೆಬ್ಬೆರಳು. ಅದನ್ನು ಕೆಡಿಸಿದ್ದು ನಮ್ಮ ಸೀಮೆಯ ಜನರ ಮರ್ಯಾದೆ.

ನಮ್ಮವರಿಗೆ ಕ್ಯಾಮೆರಾ ಎಂದರೆ ಉಸಿರು ಬಿಗಿಹಿಡಿದು ನಿಲ್ಲುವ ವಸ್ತು. ಅಜ್ಜೀಪುರದ ಒಂದು ಮದುವೆಯಲ್ಲಿ ಗಂಡಿನ ತಂದೆ ದೊಡ್ಡಮಾದಯ್ಯ ಇಡೀ ಬೀಗರ ದಂಡನ್ನು ಸಾಲಾಗಿ ನಿಲ್ಲಿಸಿದರು. ಗಿರ್ರೆಂದಿತು. ಒಬ್ಬರೂ ಕಣ್ಣು ಮಿಟುಕಿಸಲಿಲ್ಲ. ಧಾರೆ ಎರೆಯುತ್ತಿದ್ದವರು ಕೂಡ ತಂಬಿಗೆ ಬಗ್ಗಿಸಿಕೊಂಡು ಹಾಗೇ ನಿಂತರು.

“ಅಲ್ಲಾಡಿ ಕಣ್ರಿ! ಇದು ಸಿನಿಮಾ!” ಎಂದು ಸಿದ್ದಮಲ್ಲಪ್ಪ ಕೂಗಿದರು.

“ಅಲ್ಲಾಡುದ್ರೆ ಮೊಕ ಎಲ್ಡೆಲ್ಡಾಗಿ ಬೀಳಾಕಿಲ್ವಾ ಸಾ?” ಎಂದರು ದೊಡ್ಡಮಾದಯ್ಯ, ತುಟಿ ಮಾತ್ರ ಆಡಿಸುತ್ತ.

ಗಿರ್ರೆನ್ನುವುದು ನಿಂತಿತು. ಒಡನೆ ಎಲ್ಲರೂ ಉಸಿರು ಬಿಟ್ಟು, ನಕ್ಕು, ಒಬ್ಬರನ್ನೊಬ್ಬರು ತಳ್ಳಾಡಿ, ನಿಜವಾದ ಮದುವೆ ಶುರುಮಾಡಿದರು. ಸಿದ್ದಮಲ್ಲಪ್ಪ ಗಡಿಬಿಡಿಯಲ್ಲಿ ಕೀ ಕೊಟ್ಟರು. ಗಿರ್ರ್. ಮತ್ತೆ ಎಲ್ಲರೂ ಕಂಬ. ಹನೂರಾಗಲಿ, ರಾಮಾಪುರವಾಗಲಿ, ಹೋದಲ್ಲೆಲ್ಲ ಇದೇ ಕತೆ. ಬೇರೆ ಊರಿನ ಮೂವಿಯವರು ಒಮ್ಮೆ ಕೀ ಕೊಡುವ ಕಡೆ ಇವರು ಹತ್ತು ಸಲ ಕೊಡಬೇಕು.

ಮೂರನೆಯ ವರ್ಷದ ಹೊತ್ತಿಗೆ ಹೆಬ್ಬೆರಳಿನ ಬುಡ ಊದಿತು. ಆಮೇಲೆ ಬೆರಳು ಮಡಿಚಿದರೆ ಮಡಿಚಿದಂತೆ ಹಿಡಿದುಕೊಳ್ಳತೊಡಗಿತು. ಎಡಗೈಯಿಂದ ಎಳೆದರೆ ಟಕ್ಕೆಂದು ಬಿಡಿಸಿಕೊಳ್ಳುತ್ತಿತ್ತು. ನೋವು ಮೊಣಕೈವರೆಗೆ ಹೋಗುತ್ತಿತ್ತು. ಮುದ್ದೆ ಮುರಿಯಲಾಗದೆ ಅವರು ಅನ್ನ ಕೇಳತೊಡಗಿದಾಗ ಭಾಗ್ಯಮ್ಮನಿಗೆ ಗುಟ್ಟು ತಿಳಿಯಿತು. ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

“ಏನು ಕೆಲಸ?” ಎಂದರು ಡಾಕ್ಟರು.

“ಸಿನಿಮಾ.”

“ಆಕ್ಟಿಂಗಾ?”

ಸಿದ್ದಮಲ್ಲಪ್ಪನವರಿಗೆ ಬೆರಳಿಗಿಂತ ಅದೇ ಹೆಚ್ಚು ನೋಯಿತು. ಡಾಕ್ಟರು ಬೆರಳನ್ನು ಒತ್ತಿ ನೋಡಿ, ಕೈಗೆ ಕೆಲವು ತಿಂಗಳು ಪೂರಾ ವಿಶ್ರಾಂತಿ ಕೊಡಬೇಕು, ಹೀಗೇ ತಿರುವುತ್ತಿದ್ದರೆ ಬೆರಳು ಮಡಿಚಿಕೊಂಡೇ ಉಳಿದೀತು ಎಂದರು.

ಅದೇ ವಾರ ರೇಷ್ಮೆ ನೇಯುವವರ ಸಂಘದ ಅಧ್ಯಕ್ಷ ಗೋವಿಂದಯ್ಯನವರು ಹೇಳಿಕಳಿಸಿದ್ದರು. ಮೈಸೂರಿನ ವಸ್ತುಪ್ರದರ್ಶನದಲ್ಲಿ ತೋರಿಸಲು ಕೊಳ್ಳೇಗಾಲದ ಮಗ್ಗದ ಮೂವಿ ಬೇಕು. ಆಗದಿದ್ದರೆ ಮೈಸೂರಿನಿಂದಲೇ ಯಾರನ್ನಾದರೂ ಕರೆಸುತ್ತೇವೆ. ಮೈಸೂರಿನವನು ಒಮ್ಮೆ ಬಸ್ಸಿಳಿದನೆಂದರೆ ತನ್ನನ್ನು ಇನ್ನು ಯಾರೂ ಕರೆಯುವುದಿಲ್ಲವೆಂದು ಸಿದ್ದಮಲ್ಲಪ್ಪನವರಿಗೆ ಗೊತ್ತಿತ್ತು.

“ಬೆರಳಿನ ಸುದ್ದಿ ಎಲ್ಲೂ ಬಾಯಿ ಬಿಡಬ್ಯಾಡ” ಎಂದರು ಹೆಂಡತಿಗೆ.

“ನಾನ್ಯಾಕೆ ಬಿಡ್ಲಿ? ನಿಮ್ ಬೆರಳೇ ಟಕ್ ಅಂತ ಸಾರ್ತದಲ್ಲ” ಎಂದ ಭಾಗ್ಯಮ್ಮ, ಮೂರುಕಾಲಿನ ಸ್ಟ್ಯಾಂಡನ್ನು ತಾವೇ ಹೊತ್ತು ಹಿಂದೆ ಹೊರಟರು.

ನೇಕಾರ ಮುದ್ದಯ್ಯನವರ ಮನೆಯಲ್ಲಿ ಶೂಟಿಂಗು. ಗೋವಿಂದಯ್ಯನವರು ಜರಿ ಪೇಟ ಸುತ್ತಿ ಮೊದಲೇ ಬಂದಿದ್ದರು. ಮಗ್ಗ ತೆಗೆಯುವ ಮುನ್ನ ಮಗ್ಗವನ್ನು ತಾವು ವೀಕ್ಷಿಸುತ್ತಿರುವುದನ್ನು ತೆಗೆಯಬೇಕೆಂದರು. ತೆಗೆದಾಯಿತು. ಎದೆಯ ಮೇಲೆ ಕೈಯಿಟ್ಟು ಅವರು ಕ್ಯಾಮೆರಾವನ್ನೇ ವೀಕ್ಷಿಸಿದರು. ಇನ್ನೊಮ್ಮೆ ಎಂದರು. ಅದೂ ಆಯಿತು. ಮುದ್ದಯ್ಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುವ ಹೊತ್ತಿಗೆ, ಕೀ ತಿರುವುತ್ತಿದ್ದ ಹೆಬ್ಬೆರಳು ಅರ್ಧದಲ್ಲೇ ಹಿಡಿದುಕೊಂಡಿತು.

ಸಿದ್ದಮಲ್ಲಪ್ಪ ಮಾಡಿನ ಬೆಳಕಿಂಡಿ ನೋಡುತ್ತ, “ಬೆಳಕು ಸಾಲದು, ತಡೀರಿ” ಎಂದರು. ಹಣೆಯಲ್ಲಿ ಬೆವರು. ಕೈಯನ್ನು ಪಂಚೆಯ ಮರೆಗೆ ಸರಿಸಿದರು.

“ಬೆಳಕು ಬೇಕಾದಂಗದೆ. ಕೈ ಇಡ್ಕಂತಾ ಸಾ?” ಎಂದರು ಮುದ್ದಯ್ಯ.

“ಕೈಗೇನಾಗಿದೆ?” ಎಂದರು ಗೋವಿಂದಯ್ಯ. “ಆಗದಿದ್ರೆ ಹೇಳ್ಬಿಡಿ. ಮೈಸೂರಿಗೆ ಇವತ್ತೇ ಕಾಗದ ಹಾಕ್ಸ್ತೀನಿ.”

ಭಾಗ್ಯಮ್ಮ ಸ್ಟ್ಯಾಂಡನ್ನು ಬಿಟ್ಟು ಮುಂದೆ ಬಂದು, “ತನ್ನಿ ಇತ್ತ. ಎತ್ತಕಡೆ ತಿರುಗುಸ್ಬೇಕು ಹೇಳಿ” ಎಂದು ಕೀಗೆ ಕೈ ಹಾಕಿದರು.

ಸಿದ್ದಮಲ್ಲಪ್ಪನವರ ಮುಖ ಕೆಂಪಾಯಿತು. ಬೈಯಲು ಬಾಯಿ ತೆರೆದವರು ಗೋವಿಂದಯ್ಯನವರನ್ನು ನೋಡಿ, “ಇವಳು ನಮ್ಮ ಅಸಿಸ್ಟೆಂಟು” ಎಂದರು.

“ಯಾವತ್ತಿಂದ?” ಎಂದರು ಭಾಗ್ಯಮ್ಮ.

“ಎಂಗಸ್ರು ಕೈಲಿ ಕ್ಯಾಮೆರಾನಾ?” ಎಂದು ಗೋವಿಂದಯ್ಯ ಪೇಟ ಸರಿಮಾಡಿಕೊಂಡರು.

ಮುದ್ದಯ್ಯ ನಕ್ಕರು. ಅವರ ಹೆಂಡತಿ ಸರಸ್ವತಮ್ಮ ಪಕ್ಕದಲ್ಲೇ ರಾಟೆ ತಿರುವುತ್ತ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. “ಅಧ್ಯಕ್ಷರೇ, ಇವಳು ಸುತ್ತಿ ಕೊಡದೆ ನಾ ಏನ ನೇಯ್ಲಿ?” ಎಂದರು ಮುದ್ದಯ್ಯ. “ನಿಮ್ಮನೇಲೂ ನಿಮ್ಮವ್ವ ಸುತ್ತಿದ್ದಕ್ಕೆ ತಾನೆ ನಿಮ್ಮಪ್ಪ ನೇಯ್ದದ್ದು? ಆವಮ್ಮ ಕೀ ಕೊಡ್ಲಿ, ಇವ್ರು ಹಿಡೀಲಿ. ನಮ್ಮ ಮಗ್ಗದಂಗೇ ಅದೆ.”

ಅವ್ವನ ಹೆಸರು ಬಂದ ಮೇಲೆ ಗೋವಿಂದಯ್ಯ ಹಿಂದೆ ಸರಿದು ಭಾಗ್ಯಮ್ಮನಿಗೆ ಜಾಗ ಬಿಟ್ಟರು.

ಭಾಗ್ಯಮ್ಮ ಎರಡು ಕೈ ಹಾಕಿ ಕೀ ಕೊಟ್ಟರು. ಸಿದ್ದಮಲ್ಲಪ್ಪ ಕಣ್ಣಿಟ್ಟು, ಎಡಗೈಯಲ್ಲಿ ಗುಂಡಿ ಒತ್ತಿದರು. ಗಿರ್ರೆಂದ ಕೂಡಲೇ ಮುದ್ದಯ್ಯ ಲಾಳಿ ಹಿಡಿದುಕೊಂಡು ಗೊಂಬೆಯಾದರು. ಭಾಗ್ಯಮ್ಮನಿಗೆ ಅದರ ಪರಿವೆಯೇ ಇಲ್ಲ. “ಸರಸ್ವತಕ್ಕ, ನೋಡು, ನಿಮ್ಮವ್ರು ಮಗ್ಗದ ಮ್ಯಾಲೇ ನಿದ್ದೆ ವೊಡೀತಾವ್ರೆ” ಎಂದರು. “ದಿನಾ ಇಂಗೇ ಕಣಕ್ಕ, ಅದ್ಕೇ ಸೀರೆ ಮುಗ್ಯಾಕಿಲ್ಲ” ಎಂದರು ಸರಸ್ವತಮ್ಮ. ಮುದ್ದಯ್ಯನಿಗೆ ರೇಗಿತು. “ಯಾರೇ ನಿದ್ದೆ ವೊಡ್ಯೋನು!” ಎಂದು ಲಾಳಿ ಬೀಸಿದರು. ಕಾಲು ಆಡಿತು, ಹಲಗೆ ಬಡಿಯಿತು, ರೇಷ್ಮೆ ಹೊಳೆಯಿತು. ಹೆಂಗಸರ ಮಾತು ನಿಲ್ಲಲಿಲ್ಲ, ಮಗ್ಗವೂ ನಿಲ್ಲಲಿಲ್ಲ. ಇಷ್ಟು ವರ್ಷ ಅಲ್ಲಾಡಿ ಅಲ್ಲಾಡಿ ಎಂದು ಗಂಟಲು ಹರಿದುಕೊಂಡ ಸಿದ್ದಮಲ್ಲಪ್ಪ ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದರು.

ರೀಲು ಮುಗಿದಾಗ ಅವರು ಬಲಗೈಯನ್ನು ಎಲ್ಲರೆದುರೇ ಹೆಂಡತಿಯ ಮುಂದೆ ಚಾಚಿದರು. “ಬಿಡಿಸೇ, ಮೆಲ್ಲಗೆ.” ಟಕ್ಕೆಂದಿತು. ಸರಸ್ವತಮ್ಮ ಒಳಗಿನಿಂದ ಬಿಸಿ ಹರಳೆಣ್ಣೆ ತಂದರು.

ಬೆರಳು ಪೂರ್ತಿ ನೆಟ್ಟಗಾಗಲು ವರ್ಷ ಹಿಡಿಯಿತು. ನಡುವೆ ಯಳಂದೂರಿನ ಕಡೆಯ ಅಗರದಿಂದ ಮಾದಣ್ಣ ಎಂಬುವರು ಮಗಳ ಮದುವೆಗೆ ಕರೆಯಲು ಬಂದು, ಬಾಗಿಲಲ್ಲೇ ನಿಂತು, “ಅಕ್ಕನೂ ಬತ್ತರಾ ಸಾ?” ಎಂದು ಅನುಮಾನದಿಂದ ಕೇಳಿದರು.

“ಬರದೆ?” ಎಂದರು ಚಲನಚಿತ್ರ ಛಾಯಾಗ್ರಾಹಕರು. “ನಾನೊಬ್ಬನೇ ಬಂದು ಏನು ಮಾಡಲಿ?”